ಮೂವತ್ತು ರಜಾಯಿ

ಹಿರಿಯೂರು
2 ಜೂನ್ 1978

ಮಜೀದ್,

ಈ ಕಾಗದವನ್ನು ಆರ್.ಟಿ. ನಗರದ ಮನೆಗೆ ಹಾಕದೆ ಯಶವಂತಪುರದ ನಿನ್ನ ಹಾಸಿಗೆ ಅಂಗಡಿಗೆ ಹಾಕಿದ್ದೇನೆ. ಯಾಕೆ ಅಂತ ನಿನಗೆ ಗೊತ್ತು. ಓದಿದ ಮೇಲೆ ಯಾವುದಾದರೂ ದಿಂಬಿನೊಳಗೆ ಹತ್ತಿಯ ಜೊತೆ ತುಂಬಿ ಹೊಲಿದುಬಿಡು, ಮನೆಗೆ ಮಾತ್ರ ಒಯ್ಯಬೇಡ.

ನಿನ್ನೆ ಸ್ಕೂಲು ಶುರುವಾಯಿತು. ಹುಡುಗರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸುತ್ತಿದ್ದೇನೆ, ಕಣ್ಣೆದುರು ಮಾತ್ರ ಕುದುರೆಗಳೇ ಓಡುತ್ತಿವೆ. ಇಷ್ಟು ವರ್ಷ ನನಗೆ ಬೇಸಿಗೆ ರಜೆ ಅಂದರೆ ತಿನ್ನುವುದು, ಮಲಗುವುದು. ಈ ಸಲ ನಿಮ್ಮ ಮನೆಯಲ್ಲಿ ಹದಿನೆಂಟು ದಿನ ಇದ್ದು, ಎರಡು ಶನಿವಾರ ರೇಸಿಗೆ ಹೋಗಿ, ಎರಡು ಸಲವೂ ಗೆದ್ದೆ. ಮೊದಲನೆಯದು ಕಣ್ಣು ಮುಚ್ಚಿ ಕಟ್ಟಿದ್ದು, ಸಣ್ಣ ಗೆಲುವು. ಎರಡನೆಯದರ ಗುಟ್ಟನ್ನು ನೀನು ಎಷ್ಟು ಕೇಳಿದರೂ ಹೇಳಿರಲಿಲ್ಲ. ಈಗ ಕೇಳು.

ಹೆಬ್ಬಾಳದ ಕೆರೆ ನೋಡಲು ಹೋಗಿದ್ದೆನಲ್ಲ, ವಾಪಸ್ ಬರುವಾಗ ಯಲಹಂಕದ ಕಡೆಯಿಂದ ಬಂದ ಬಸ್ಸು ಹತ್ತಿದೆ. ಪಕ್ಕದವನ ಮೈಯಿಂದ ಲದ್ದಿಯ ವಾಸನೆ. ಮೂಗು ತಿರುಗಿಸಿ ಕೂತಿದ್ದೆ. "ಏನ್ ಕಾಶಿ, ದೊಡ್ಡ ಮನುಷ್ಯ ಆಗ್ಬಿಟ್ಯಾ? ಮುಖ ಯಾಕೋ ಆ ಕಡೆ?" ಅಂತು ವಾಸನೆ. ನೋಡಿದರೆ ಖಾದರ್ ಬಾಷಾ. ನೆನಪಿದೆಯಾ, ನಾವು ಆರನೇ ಕ್ಲಾಸಿಗೆ ಬರುವ ಮುಂಚೆಯೂ ಅಲ್ಲಿದ್ದ, ನಾವು ದಾಟಿಹೋದ ಮೇಲೂ ಅಲ್ಲೇ ಇದ್ದ. ಈಗ ಯಲಹಂಕದಾಚೆ ಯಾರದ್ದೋ ಫಾರಂನಲ್ಲಿ ಕುದುರೆಗಳ ಮೈ ತಿಕ್ಕುತ್ತಾನಂತೆ. ಹದಿನಾರು ವರ್ಷದ ಮೇಲೆ ಸಿಕ್ಕವನು ನನ್ನ ಹೆಂಡತಿ ಮಕ್ಕಳ ಸುದ್ದಿ ಕೇಳಲಿಲ್ಲ. ಕಿವಿಯಲ್ಲಿ ಒಂದು ಕುದುರೆಯ ಹೆಸರು ಹೇಳಿ, "ಶನಿವಾರ ಇದ್ರ ಮೇಲೆ ಕಟ್ಟು. ಯಾರೂ ಕಟ್ಟಲ್ಲ, ಅದಕ್ಕೇ ಕಟ್ಟು" ಅಂದು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ.

ಆ ಶನಿವಾರ ನೀನು ರೇಸ್ ಕೋರ್ಸಿನ ಗೇಟಿನ ಹೊರಗೇ ನಿಂತುಬಿಟ್ಟೆ, ಒಳಗೆ ಬಂದರೆ ಅಮ್ಮಿಯ ಮುಖ ಹೇಗೆ ನೋಡಲಿ ಅಂತ. ಬರಬೇಕಿತ್ತು ಕಣೋ. ಆ ಬಡಕಲು ಕುದುರೆ ಕೊನೆಯ ತಿರುವಿನ ತನಕ ಎಲ್ಲರ ಹಿಂದೆ ಇತ್ತು. ಆಮೇಲೆ ಏನು ಬಂತೋ ಅದಕ್ಕೆ. ನನ್ನ ಪಕ್ಕದಲ್ಲಿದ್ದ ಕೋಟು ಹಾಕಿದ ಯಜಮಾನರು ಟೋಪಿಯನ್ನು ನೆಲಕ್ಕೆ ಬಿಸಾಡಿ ಅದರ ಮೇಲೆ ತಾವೇ ನಿಂತರು.

ಅಮ್ಮಿಗೆ ಸುಳ್ಳು ಹೇಳಿದ್ದು ನನಗೂ ಹಿತವಾಗಿಲ್ಲ. ತಾಯಿಯಿಲ್ಲದ ನನಗೆ ಅವಳ ಒಲೆಯ ಮುಂದೆ ಹತ್ತು ವರ್ಷ ಅನ್ನ ಬಿದ್ದಿದೆ. ಹಜ್ಜಿಗೆ ತಾನು ದುಡಿದ ಹಲಾಲ್ ದುಡ್ಡಿನಲ್ಲೇ ಹೋಗಬೇಕು, ಜೂಜಿನದು ಹರಾಮ್ ಅನ್ನುವುದು ನನಗೆ ಅವಳ ಬಾಯಿಂದಲೇ ಗೊತ್ತು. ರೇಸಿನ ದುಡ್ಡು ಅಂತ ತಿಳಿದರೆ ಇಕ್ಕಳದಲ್ಲೂ ಮುಟ್ಟುವವಳಲ್ಲ. ಸುಮ್ಮನೆ ಕೊಟ್ಟರೂ ಬೇಡ ಅನ್ನುತ್ತಿದ್ದಳು. ಆದರೆ ಹಡಗಿನ ಅರ್ಜಿಗೆ ಅವಳು ಕೂಡಿಸಿದ್ದು ಕಮ್ಮಿ ಬಿದ್ದಿತ್ತಲ್ಲ. ಹತ್ತಿರದ ಸಂಬಂಧದ ಗಂಡಸು ಜೊತೆಗಿಲ್ಲದೆ ಹೆಂಗಸು ಹೋಗುವ ಹಾಗಿಲ್ಲ, ನಿನ್ನ ಖರ್ಚಿಗೂ ದುಡ್ಡು ಹೊಂದಿಸಲು ಈ ಜನ್ಮದಲ್ಲಿ ಆಗದು, ಅವಳ ತಮ್ಮ ಅನ್ವರ್ ಮಾಮು ಹೋಗುವುದು ಈ ವರ್ಷ. ಇದು ತಪ್ಪಿದರೆ ಅಮ್ಮಿಗೆ ಇನ್ನಿಲ್ಲ. ನಿನ್ನ ಉಪಾಯ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ನಮ್ಮ ಹಾಸ್ಟೆಲ್ಲಿಗೆ ಮೂವತ್ತು ರಜಾಯಿ ಹೊಲಿದುಕೊಡಿ, ಸರ್ಕಾರದ ದುಡ್ಡು ಅಂದಾಗ "ಪೂರಾ ಮುಂಚೇನೇ ಯಾಕೆ ಕೊಡ್ತಾರೆ ಬೇಟಾ?" ಅಂತ ಕೇಳಿದಳು. ಖರ್ಚಾಗದಿದ್ದರೆ ಸರ್ಕಾರ ವಾಪಸ್ ತಗೊಳ್ಳುತ್ತೆ ಅಂದೆ. ನಂಬಿದಳು. ಮೇಷ್ಟ್ರ ಮಾತು ನೋಡು.

ಸುಗ್ರಾಳಿಗೆ ನನ್ನ ನಮಸ್ಕಾರ. ಹೆಂಡತಿ ಅಂತ ಅವಳಿಗೂ ಹೇಳಬೇಡ.

ನಿನ್ನ
ಕಾಶಿನಾಥ


ಯಶವಂತಪುರ
19 ಜುಲೈ 1978

ಕಾಶಿ,

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೈಮೇಲೆಲ್ಲ ಹತ್ತಿ.

ಬೊಂಬಾಯಿಯಿಂದ ತಂತಿ ಬಂತು. ಹಡಗಿನಲ್ಲಿ ಇರುವ ಜಾಗಕ್ಕಿಂತ ಅರ್ಜಿ ಹೆಚ್ಚು, ಹಾಗಾಗಿ ಚೀಟಿ ಎತ್ತುತ್ತಾರೆ. ಅಮ್ಮಿ ಮತ್ತು ಅನ್ವರ್ ಮಾಮುವಿನ ಚೀಟಿ ಬಂದಿದೆ. ಅಮ್ಮಿ ತಂತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದಾಳೆ. ಪಕ್ಕದ ಮನೆಯ ಅಕ್ಬರಿ ಆಪಾಗೆ ದಿನಕ್ಕೆ ಎರಡು ಸಲ ಬಿಚ್ಚಿ ತೋರಿಸುತ್ತಾಳೆ. ಇಪ್ಪತ್ತೆರಡು ವರ್ಷ ಸೂಜಿ ಹಿಡಿದು ಕೂಡಿಸಿದ್ದು. ಅಬ್ಬಾ ತೀರಿಕೊಂಡ ವರ್ಷ ನಾವು ಜೋಳದ ಗಂಜಿ ಕುಡಿದೆವು, ಆಗಲೂ ಹಜ್ಜಿನ ದುಡ್ಡಿನ ಡಬ್ಬಿಗೆ ಕೈ ಹಾಕಲಿಲ್ಲ.

ರಜಾಯಿ ಇಪ್ಪತ್ನಾಲ್ಕು ಆಗಿವೆ. ಬಡಬಡ ಹೊಲಿದು ಕೊಡು ಅಂದರೆ ಕೇಳುವುದಿಲ್ಲ. "ಹಾಸ್ಟೆಲ್ ಮಕ್ಳು ಅಂದ್ರೆ ತಾಯಿ ಬಿಟ್ಟಿರೋ ಮಕ್ಳು, ಹೊಲಿಗೆ ಬಿಟ್ಟೋದ್ರೆ ಯಾರ್ ಹಾಕ್ತಾರೆ?" ಅನ್ನುತ್ತಾಳೆ. ಮುಗಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕುತ್ತಾಳೆ. ನೋಡಿಕೊಂಡು ಇರುವುದು ನನಗೆ ಕಷ್ಟವಾಗುತ್ತಿದೆ. ನೀನು ಅಲ್ಲಿ ಆರಾಮಾಗಿದ್ದೀಯ.

ಆ ವಿಷಯವನ್ನು ಇನ್ನು ಮುಂದೆ ಕಾಗದದಲ್ಲಿ ಎತ್ತಬೇಡ. ಅಂಗಡಿಗೆ ಬರೆದರೂ ಬೇಡ. ಆಯಿತು, ಮುಗಿಯಿತು.

ಮಜೀದ್


ಹಿರಿಯೂರು
23 ಆಗಸ್ಟ್ 1978
(ಕಾರ್ಡು)

ಅಮ್ಮಿಗೆ ಕಾಶಿನಾಥನ ನಮಸ್ಕಾರಗಳು. ಮೂವತ್ತು ರಜಾಯಿ ಲಾರಿಯಲ್ಲಿ ಬಂದು ತಲುಪಿದವು. ಹುಡುಗರಿಗೆ ಹಂಚಿದ್ದಾಯಿತು. ಐದನೇ ಕ್ಲಾಸಿನವರು ಬೆಳಿಗ್ಗೆ ಎದ್ದು ಡ್ರಿಲ್ಲಿಗೆ ಬರುತ್ತಿಲ್ಲ. ಇದಕ್ಕೆ ನೀನೇ ಜವಾಬ್ದಾರಿ. ಅಡಿಗೆಯವಳು ದಾನವ್ವ ಅಂಚಿನ ಹೊಲಿಗೆ ಮುಟ್ಟಿ ನೋಡಿ, ಇದನ್ನು ಹೊಲಿದ ತಾಯಿಗೆ ನನ್ನ ಶರಣು ತಿಳಿಸಿ ಅಂದಿದ್ದಾಳೆ. ತಿಳಿಸಿದ್ದೇನೆ.

ಕಾಶಿನಾಥ


ಆರ್.ಟಿ. ನಗರ
28 ಸೆಪ್ಟೆಂಬರ್ 1978

ಬೇಟಾ ಕಾಶಿಗೆ ಅಮ್ಮಿಯ ಆಶೀರ್ವಾದ.

ನಾನು ಹೇಳುತ್ತಿದ್ದೇನೆ, ಮಜೀದ ಕನ್ನಡಕ್ಕೆ ಹಾಕಿ ಬರೆಯುತ್ತಿದ್ದಾನೆ. ಮುಂದಿನ ತಿಂಗಳು ಹನ್ನೊಂದಕ್ಕೆ ನಮ್ಮ ರೈಲು. ಬೊಂಬಾಯಿಯಿಂದ ಹಡಗು.

ಹಜ್ಜಿಗೆ ಹೊರಟವರು ಗೊತ್ತಿರುವವರನ್ನೆಲ್ಲ ಕಂಡು, ಆಡಿದ್ದು ಕೇಳಿದ್ದು ಮಾಫ್ ಮಾಡಿ ಅಂತ ಕೇಳಿಕೊಂಡು ಹೋಗಬೇಕು. ಒಬ್ಬರ ಮನಸ್ಸಿನಲ್ಲೂ ನನ್ನ ಮೇಲೆ ಕಸಿವಿಸಿ ಉಳಿಯಬಾರದು. ಈ ಬೀದಿಯ ಎಲ್ಲ ಮನೆಗೂ ಹೋಗಿ ಬಂದೆ. ಜಗಳವಾಡಿ ಮಾತು ಬಿಟ್ಟಿದ್ದ ಅಂಜನಮ್ಮನ ಮನೆಗೂ ಹೋದೆ. ಅವಳು ಅತ್ತಳು, ನಾನೂ ಅತ್ತೆ. ಹೋದ ಕಡೆಯೆಲ್ಲ, ನನ್ನ ಸೂಜಿಯ ದುಡ್ಡಿನಲ್ಲಿ ಹೋಗ್ತಾ ಇದೀನಿ, ಕೊನೆಗೆ ಬಿದ್ದ ಕಮ್ಮಿಯನ್ನೂ ಹಿರಿಯೂರಿನ ಮಕ್ಕಳ ರಜಾಯಿ ತುಂಬಿಸಿಕೊಡ್ತು ಅಂತ ಹೇಳಿದೆ. ಹಾಗೆ ಹೇಳುವುದು ಜಂಬವಾದರೆ ಅದನ್ನೂ ಅಲ್ಲಾಹ್ ಮಾಫ್ ಮಾಡಲಿ.

ನೀನು ದೂರ ಇದ್ದೀಯ, ಅದಕ್ಕೆ ಕಾಗದ. ನಿನ್ನನ್ನು ಸಣ್ಣವನಿದ್ದಾಗ ಬೈದಿದ್ದೇನೆ, ಎರಡು ರೂಪಾಯಿ ಕದ್ದಾಗ ಸೌಟಿನಲ್ಲಿ ಹೊಡೆದಿದ್ದೇನೆ. ಮಜೀದನಿಗೆ ಎರಡು ಮೊಟ್ಟೆ ಹಾಕಿ ನಿನಗೆ ಒಂದು ಹಾಕಿದ ದಿನವೂ ಇದೆ. ಎಲ್ಲ ಮಾಫ್ ಮಾಡು. ನಿನ್ನ ಮನಸ್ಸಿನಲ್ಲಿ ಏನಿದ್ದರೂ ನನಗೆ ಹೇಳು, ಮುಚ್ಚಿಡಬೇಡ. ಮುಚ್ಚಿಟ್ಟದ್ದನ್ನು ಹೊತ್ತುಕೊಂಡು ನಾನು ಅಲ್ಲಿಗೆ ಹೋಗಬಾರದು.

ನಿನ್ನ ಅಮ್ಮಿ

ಕಾಶಿ, ಕೆಳಗಿನದು ನಾನು. ಮಾಫ್ ಮಾಡಿದೆ, ಹೋಗಿ ಬಾ ಅಂತ ಎರಡು ಸಾಲು ಬರೆದು ಹಾಕು. ಮನೆಯ ವಿಳಾಸಕ್ಕೆ, ಅವಳ ಹೆಸರಿಗೇ ಹಾಕು. ತನ್ನ ಹೆಸರಿಗೆ ಕಾಗದ ಬಂದರೆ ಅವಳಿಗೆ ಸಂತೋಷ. ಎರಡೇ ಸಾಲು. ಮಜೀದ್.


ಹಿರಿಯೂರು
4 ಅಕ್ಟೋಬರ್ 1978

ಅಮ್ಮಿಗೆ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಎರಡು ಸಾಲು ಬರೆಯಲು ನಾಲ್ಕು ಸಲ ಕೂತೆ. ಬರೆದು ಬರೆದು ಹರಿದೆ.

ಮೊದಲು ನಿನ್ನದು. ಹೊಡೆದದ್ದು, ಬೈದದ್ದು, ಮೊಟ್ಟೆ, ಯಾವುದೂ ನನ್ನ ಮನಸ್ಸಿನಲ್ಲಿಲ್ಲ. ಮಾಫ್ ಮಾಡಲು ನಾನು ಯಾರು.

ಮುಚ್ಚಿಡಬೇಡ ಅಂದಿದ್ದೀಯ. ಅದಕ್ಕೆ ಹೇಳುತ್ತೇನೆ. ರಜಾಯಿಯ ದುಡ್ಡು ಸರ್ಕಾರದ್ದಲ್ಲ. ಹಾಸ್ಟೆಲ್ಲಿನವರು ರಜಾಯಿ ಕೇಳಿರಲಿಲ್ಲ. ಮೇ ತಿಂಗಳಲ್ಲಿ ನಿಮ್ಮ ಮನೆಯಲ್ಲಿದ್ದಾಗ ನಾನು ರೇಸಿನಲ್ಲಿ ಗೆದ್ದ ದುಡ್ಡು ಅದು. ಸುಮ್ಮನೆ ಕೊಟ್ಟರೆ ನೀನು ತೆಗೆದುಕೊಳ್ಳುವುದಿಲ್ಲ ಅಂತ ರಜಾಯಿಯ ಕತೆ ಕಟ್ಟಿದೆವು. ಉಪಾಯ ಇಬ್ಬರದೂ, ಮಜೀದನಿಗೂ ಮೊದಲಿನಿಂದ ಗೊತ್ತು. ನೀನು ಸಂತೋಷವಾಗಿರಬೇಕು ಅಂತ ಮಾಡಿದ್ದು, ಬೇರೆ ಏನೂ ಇಲ್ಲ. ರಜಾಯಿಗಳನ್ನು ನಿಜವಾಗಿ ಮಕ್ಕಳಿಗೇ ಕೊಟ್ಟಿದ್ದೇನೆ. ನೀನು ನಿಜವಾಗಿ ದುಡಿದಿದ್ದೀಯ. ಹಾಗಾಗಿ ನಿನ್ನ ಕೈಗೆ ಬರುವ ಹೊತ್ತಿಗೆ ಅದು ನಿನ್ನ ಕೂಲಿಯೇ ಆಯಿತು ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಶಾಸ್ತ್ರ ನನಗೆ ತಿಳಿಯದು. ಮೌಲವಿಗಳನ್ನು ಕೇಳು, ಅವರು ಸರಿ ಅನ್ನುತ್ತಾರೆ.

ಇದನ್ನು ಎದೆಯಲ್ಲಿಟ್ಟುಕೊಂಡು ನಿನಗೆ ಹೋಗಿ ಬಾ ಅನ್ನಲು ನನ್ನಿಂದ ಆಗಲಿಲ್ಲ. ಊಟ ಸೇರುತ್ತಿಲ್ಲ, ನಿದ್ದೆ ಬರುತ್ತಿಲ್ಲ. ಮಜೀದ್, ಇದನ್ನು ನೀನೇ ಅಮ್ಮಿಗೆ ಸಮಾಧಾನವಾಗಿ ಓದಿ ಹೇಳು.

ನನ್ನನ್ನು ಮಾಫ್ ಮಾಡಿ ಹೋಗಿ ಬಾ.

ನಿನ್ನ ಮಗ
ಕಾಶಿನಾಥ


ಯಶವಂತಪುರ
12 ನವೆಂಬರ್ 1978

ಕಾಶಿನಾಥನಿಗೆ,

ನಿನ್ನೆ ಬಕ್ರೀದ್ ಆಯಿತು. ಹಜ್ಜಿಗೆ ಹೋದವರು ಮೊನ್ನೆ ಅರಫಾತ್ ಬಯಲಿನಲ್ಲಿ ನಿಂತಿದ್ದರು. ಅಮ್ಮಿ ಆರ್.ಟಿ. ನಗರದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

ಆಮೇಲೆ ಬಂದ ನಿನ್ನ ಮೂರು ಕಾಗದಕ್ಕೆ ಉತ್ತರ ಬರೆಯಲಿಲ್ಲ. ಏನಾಯಿತು ಅಂತ ಕೇಳಿದ್ದೀಯ. ಹೇಳುತ್ತೇನೆ, ಕೇಳಿಸಿಕೋ.

ಅವತ್ತು ಭಾನುವಾರ, ರೈಲಿಗೆ ಇನ್ನು ಮೂರು ದಿನ. ಅಮ್ಮಿಯನ್ನು ಬೀಳ್ಕೊಡಲು ಅಕ್ಕಪಕ್ಕದ ಹೆಂಗಸರೆಲ್ಲ ಬಂದಿದ್ದರು. ಅಕ್ಬರಿ ಆಪಾ ಹೂವಿನ ಹಾರ ತಂದಿದ್ದಳು. ನಿನ್ನ ಕಾಗದ ಹಿಂದಿನ ದಿನವೇ ಬಂದಿತ್ತಂತೆ, ಅಮ್ಮಿ ಒಡೆಯದೆ ಇಟ್ಟುಕೊಂಡಿದ್ದಳು. ಎಲ್ಲರೂ ಸೇರಿದ ಮೇಲೆ ನನ್ನ ಕೈಗೆ ಕೊಟ್ಟು, "ಜೋರಾಗಿ ಓದು, ಎಲ್ರಿಗೂ ಕೇಳ್ಲಿ, ಹಿರಿಯೂರಿನ ನನ್ ಮಗ ಬರ್ದಿದಾನೆ" ಅಂದಳು. ಎರಡು ಸಾಲು ಇರುತ್ತದೆ ಅಂತ ಓದಲು ಶುರು ಮಾಡಿದೆ. ಮೊಟ್ಟೆಯ ಮಾತು ಬಂದಾಗ ಎಲ್ಲರೂ ನಕ್ಕರು. ಅಷ್ಟರಲ್ಲಿ ಮುಂದಿನ ಸಾಲು ಕಣ್ಣಿಗೆ ಬಿತ್ತು.

"ಮಾಫ್ ಮಾಡಿದೀನಿ, ಹೋಗ್ ಬಾ ಅಂತ ಬರ್ದಿದಾನೆ" ಅಂದು ಮಡಿಚಿದೆ. "ಇಷ್ಟುದ್ದ ಕಾಗ್ದದಲ್ಲಿ ಅಷ್ಟೇನಾ?" ಅಂದಳು. ನನ್ನ ಮುಖ ನೋಡಿದಳು. ಕಾಗದ ಕಿತ್ತುಕೊಂಡು ಸುಗ್ರಾಳ ಕೈಗೆ ಕೊಟ್ಟಳು. ಸುಗ್ರಾ ಪಾಪ, ಏಳನೇ ಕ್ಲಾಸು ಓದಿದ ಹುಡುಗಿ, ಅತ್ತೆ ಓದು ಅಂದರೆ ಪಾಠ ಒಪ್ಪಿಸಿದ ಹಾಗೆ ಗಟ್ಟಿಯಾಗಿ ಓದುತ್ತಾಳೆ. ಏನು ಓದಿದೆ ಅಂತ ಅವಳಿಗೆ ತಿಳಿದದ್ದು ಓದಿ ಮುಗಿದ ಮೇಲೆ. ಹೆಂಗಸರು ಒಬ್ಬೊಬ್ಬರೇ ಎದ್ದು ಚಪ್ಪಲಿ ಹುಡುಕಿಕೊಂಡರು. ಹಾರವನ್ನು ಎಲ್ಲಿಡುವುದು ಅಂತ ಅಕ್ಬರಿ ಆಪಾಗೆ ತಿಳಿಯಲಿಲ್ಲ, ತಿರುಗಿ ತೆಗೆದುಕೊಂಡು ಹೋದಳು.

ಅಮ್ಮಿ ಅಳಲಿಲ್ಲ. ನನ್ನನ್ನು ಒಂದೇ ಮಾತು ಕೇಳಿದಳು. ಅವಳ ಕಣ್ಣು ಮಂಜಾಗಿ ಎರಡು ವರ್ಷವಾಯಿತು, ಸೂಜಿಯ ಕಣ್ಣು ಕಾಣುವುದಿಲ್ಲ. ರಜಾಯಿ ಹೊಲಿಯುವಷ್ಟು ದಿನವೂ ನಾನು ಅಂಗಡಿಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದೆ. "ದಿನಾ ದಾರ ಹಾಕ್ ಕೊಡ್ತಿದ್ಯಲ್ಲ, ಗೊತ್ತಿದ್ದೂ ಹಾಕ್ತಿದ್ಯಾ?" ಅಂದಳು. ಹೂಂ ಅಂದೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ.

ಮೌಲವಿ ಸಾಹೇಬರನ್ನು ಕರೆದುಕೊಂಡು ಬಂದೆ. ನೀನು ಬರೆದದ್ದನ್ನೇ ಅವರೂ ಹೇಳಿದರು. ಕೆಲಸ ಮಾಡಿದೆ, ಕೂಲಿ ಪಡೆದೆ, ನಿನಗೆ ದೋಷವಿಲ್ಲ, ಸುಳ್ಳು ಹೇಳಿದವರಿಗೆ ಪಾಪ, ನೀನು ಹೋಗು ಅಂದರು. ಅಮ್ಮಿ ತಲೆ ಬಗ್ಗಿಸಿ ಕೇಳಿಸಿಕೊಂಡು, "ನಿಮ್ ಕಿತಾಬಲ್ಲಿ ಸರಿ ಇರ್ಬೋದು ಸಾಹೇಬ್ರೇ. ನಾನು ಮನೆಮನೆಗೆ ಹೋಗಿ ನನ್ ಸೂಜಿ ದುಡ್ಡು ಅಂತ ಹೇಳ್ಬಂದಿದೀನಿ" ಅಂದಳು. ಅನ್ವರ್ ಮಾಮು ಕಾಲು ಹಿಡಿದರು. ಅವರ ಟ್ರಂಕನ್ನು ತಾನೇ ಕಟ್ಟಿಕೊಟ್ಟು ಕಳಿಸಿದಳು. ಹನ್ನೊಂದನೇ ತಾರೀಕು ಮಾಮು ಒಬ್ಬರೇ ರೈಲು ಹತ್ತಿದರು. ಅದೇ ಹೊತ್ತಿಗೆ ಅಮ್ಮಿ ಬುರ್ಖಾ ಹಾಕಿಕೊಂಡು ಹಿಂದೆ ಹೋಗಿದ್ದ ಮನೆಗಳಿಗೆಲ್ಲ ಮತ್ತೆ ಹೋದಳು. ನಾನು ಹೇಳಿದ್ದು ಸುಳ್ಳು, ನನ್ನ ಸೂಜಿಯ ದುಡ್ಡಲ್ಲ, ನಾನು ಹೋಗುತ್ತಿಲ್ಲ ಅಂತ ಪ್ರತಿಯೊಂದು ಬಾಗಿಲಲ್ಲೂ ನಿಂತು ಹೇಳಿ ಬಂದಳು. ನಾನು ಹಿಂದೆ ಹಿಂದೆ ಹೋದೆ. ತಿರುಗಿಯೂ ನೋಡಲಿಲ್ಲ.

ಕಾಶಿ, ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೆ. ನಿನಗೆ ನಿದ್ದೆ ಬರಲಿ ಅಂತ ನನ್ನ ತಾಯಿಯ ಹಜ್ ಹೋಯಿತು. ಅವಳು ವಾಪಸ್ ಬಂದ ಮೇಲೆ ಹೇಳಿದ್ದರೆ ಆಗುತ್ತಿರಲಿಲ್ಲವೇ? ಸಾಯುವ ತನಕ ಹೇಳದಿದ್ದರೆ ಏನಾಗುತ್ತಿತ್ತು? ಹೋಗಲಿ, ನಿನ್ನ ಪಾಪ ನೀನು ಹೇಳಿಕೊಂಡೆ. ಮಜೀದನಿಗೂ ಗೊತ್ತು ಅನ್ನುವ ಒಂದು ಸಾಲನ್ನು ಯಾಕೆ ಬರೆದೆ? ಅದಿಲ್ಲದಿದ್ದರೆ ನಾನಾದರೂ ಅವಳ ಕೈ ಹಿಡಿದು ರೈಲು ಹತ್ತಿಸುತ್ತಿದ್ದೆ.

ಮಜೀದ್


ಹಿರಿಯೂರು
20 ನವೆಂಬರ್ 1978

ಮಜೀದ್,

ನಿನ್ನ ಕಾಗದವನ್ನು ಸ್ಕೂಲಿನ ಮೈದಾನದಲ್ಲಿ ನಿಂತು ಓದಿದೆ. ಹುಡುಗರು ಸಾವಧಾನದಲ್ಲಿ ನಿಂತೇ ಇದ್ದರು, ವಿಶ್ರಾಮ್ ಹೇಳಲು ನನಗೆ ನೆನಪಾಗಲಿಲ್ಲ.

ನಿನ್ನ ಸಿಟ್ಟು ನ್ಯಾಯವಾದದ್ದು. ಆದರೂ ಒಂದು ಮಾತು ಹೇಳಿಬಿಡುತ್ತೇನೆ, ಬೇಜಾರಾದರೆ ಆಗಲಿ. ರಜಾಯಿಯ ಕತೆ ಕಟ್ಟಿದವನು ನೀನು. ಅವಳ ಹೆಸರಿಗೇ ಬರಿ ಅಂದವನೂ ನೀನು. ಆ ಒಂದು ಸಾಲು ಯಾಕೆ ಬರೆದೆ ಅಂತ ನಾನೂ ಕೇಳಿಕೊಂಡೆ. ನಿನ್ನ ಹೆಸರು ಬಿಟ್ಟು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ ಅಂದುಕೊಂಡೆ. ಅದು ನಿಜವೋ, ಒಬ್ಬನೇ ಕೆಟ್ಟವನಾಗಲು ಹೆದರಿದೆನೋ, ಈಗ ನನಗೇ ಗೊತ್ತಾಗುತ್ತಿಲ್ಲ. ಎರಡನೆಯದೇ ಇರಬೇಕು. ನಾನು ಅಂಥ ಧೈರ್ಯವಂತನಲ್ಲ.

ಅಮ್ಮಿ ನಿನ್ನ ಜೊತೆ ಮಾತಾಡುತ್ತಿಲ್ಲ ಅಂದೆ. ನನ್ನ ಬಗ್ಗೆ ಏನಂದಳು ಅಂತ ನೀನು ಬರೆದಿಲ್ಲ. ಬೈದಳಾ? ಶಾಪ ಹಾಕಿದಳಾ? ದಯವಿಟ್ಟು ಬರಿ. ಅವಳು ನನ್ನನ್ನು ಬಾಯಿಗೆ ಬಂದ ಹಾಗೆ ಬೈದರೆ ನನಗೆ ಹಗುರಾಗುತ್ತದೆ. ಸಣ್ಣವನಿದ್ದಾಗ ಸೌಟಿನಲ್ಲಿ ಹೊಡೆದವಳು ಅದೇ ಸೌಟಿನಲ್ಲಿ ಸಾರು ಬಡಿಸಿದ್ದಳು. ನಾನು ಬರಲಾ? ಬೇಸಿಗೆ ರಜೆ ಶುರುವಾದ ತಕ್ಷಣ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಹೊಡೆಯಲಿ, ನಾಲ್ಕು ಜನ ನೋಡಲಿ. ಅವಳನ್ನು ಕೇಳಿ ಬರಿ ಮಜೀದ್. ನಿನಗೆ ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೂ ಇದೊಂದು ಮಾಡು.

ಕಾಶಿ


ಆರ್.ಟಿ. ನಗರ
6 ಫೆಬ್ರವರಿ 1979

ಕಾಶಿನಾಥನಿಗೆ ಫಖ್ರುನ್ನೀಸಾಳ ಸಲಾಮ್.

ನಾನು ಹೇಳುತ್ತಿದ್ದೇನೆ, ಮಜೀದ ಬರೆಯುತ್ತಿದ್ದಾನೆ. ಸುಗ್ರಾ ಬರೆಯುತ್ತೇನೆ ಅಂದಳು. ಬೇಡ, ಅವನೇ ಬರೆಯಲಿ ಅಂತ ಕೂರಿಸಿದ್ದೇನೆ. ನಾಲ್ಕು ತಿಂಗಳ ಮೇಲೆ ಅವನ ಎದುರು ನನ್ನ ಬಾಯಿ ತೆರೆದಿರುವುದು ಈ ಕಾಗದ ಹೇಳುವುದಕ್ಕೆ ಮಾತ್ರ. ಅವನು ತನ್ನ ಕಡೆಯಿಂದ ಒಂದಕ್ಷರವೂ ಸೇರಿಸಬಾರದು. ಬರೆದ ಮೇಲೆ ಸುಗ್ರಾ ನನಗೆ ಓದಿ ಹೇಳುತ್ತಾಳೆ.

ನೀನು ಮಜೀದನಿಗೆ ಬರೆದ ಕಾಗದವನ್ನೂ ಸುಗ್ರಾ ಓದಿ ಹೇಳಿದಳು. ನಾನು ಏನಂದೆ ಅಂತ ಕೇಳಿದ್ದೀಯ. ನಿನ್ನ ಬಗ್ಗೆ ನಾನು ಏನೂ ಅನ್ನಲಿಲ್ಲ.

ಅನ್ವರ್ ಹಾಜಿಯಾಗಿ ಬಂದ. ಜಮ್‌ಜಮ್ ನೀರು, ಖರ್ಜೂರ ತಂದ. ಅಲ್ಲಿ ನನ್ನ ಹೆಸರು ಹೇಳಿ ದುವಾ ಕೇಳಿದ್ದಾನಂತೆ. ಒಳ್ಳೆಯದು. ಹಡಗಿನವರು ತಿರುಗಿ ಕಳಿಸಿದ ದುಡ್ಡಿನಲ್ಲಿ ರಜಾಯಿಯದ್ದನ್ನು ಮೌಲವಿಗಳ ಕೈಗೆ ಕೊಟ್ಟೆ, ಯಾರಾದರೂ ಇಲ್ಲದವರಿಗೆ ಕೊಡಲಿ. ಉಳಿದದ್ದು ಡಬ್ಬಿಯಲ್ಲಿದೆ. ನನಗೆ ಅರವತ್ತಮೂರು. ಇನ್ನೊಂದು ಸಲ ಯಾರ ಜೊತೆ ಹೋಗಲಿ? ಅದನ್ನು ನಾನು ಸತ್ತಾಗ ಕಫನ್ನಿನ ಬಟ್ಟೆಗೆ ಇಟ್ಟುಕೊಳ್ಳಿ ಅಂತ ಸುಗ್ರಾಳಿಗೆ ಹೇಳಿದ್ದೇನೆ.

ನಿನ್ನನ್ನು ಮಾಫ್ ಮಾಡು ಅಂತ ನೀನು ಕೇಳಿದ್ದೆ. ಅವತ್ತೇ ಮಾಡಿದೆ. ಕಾಗದ ಓದಿ ಮುಗಿಸುವುದರೊಳಗೇ ಮಾಡಿದ್ದೆ. ಹೊರಗಿನವರನ್ನು ಮಾಫ್ ಮಾಡುವುದು ಕಷ್ಟವಲ್ಲ ಕಾಶಿನಾಥ. ಅಂಜನಮ್ಮನನ್ನು ಮಾಡಿದ್ದೇನೆ, ನೀರಿಗಾಗಿ ಜಗಳವಾಡಿದವರನ್ನು ಮಾಡಿದ್ದೇನೆ. ನೀನು ಒಳ್ಳೆಯದಾಗಲಿ ಅಂತಲೇ ಮಾಡಿದೆ, ಆಮೇಲೆ ನಿಜವನ್ನೂ ಹೇಳಿದೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಹುಡುಕಿ ನೋಡಿದೆ, ಇಲ್ಲ.

ಮಜೀದನನ್ನು ಮಾಫ್ ಮಾಡಲು ನನಗೆ ಆಗುತ್ತಿಲ್ಲ. ದಿನಕ್ಕೆ ಐದು ಹೊತ್ತು ಕೇಳಿಕೊಳ್ಳುತ್ತೇನೆ, ಆಗುತ್ತಿಲ್ಲ. ಅವನ ಹೆಜ್ಜೆಯ ಸಪ್ಪಳ ಕೇಳಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಅವನು ಊಟ ಮಾಡಿದನಾ ಅಂತ ಸುಗ್ರಾಳನ್ನು ಕೇಳದೆ ನಾನು ಊಟ ಮಾಡುವುದಿಲ್ಲ. ನಾನು ಹೆತ್ತವನು ಅವನು, ಅದಕ್ಕೆ ಇಷ್ಟು ಉರಿಯುತ್ತದೆ. ಬರಿ ಮಜೀದ, ನಿಲ್ಲಿಸಬೇಡ, ಇದನ್ನೂ ಬರಿ.

ಬಾಗಿಲಲ್ಲಿ ನಿಲ್ಲಿಸಿ ಹೊಡಿ ಅಂದಿದ್ದೀಯ. ನಿನ್ನನ್ನು ನಾನು ಯಾಕೆ ಹೊಡೆಯಲಿ? ನೀವು ಸ್ಕೂಲಿನ ಮೇಷ್ಟ್ರು, ಮರ್ಯಾದಸ್ಥರು. ರಜೆಯಲ್ಲಿ ಬನ್ನಿ. ನಮ್ಮದು ಬಂದವರಿಗೆ ಬಾಗಿಲು ಹಾಕುವ ಮನೆಯಲ್ಲ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಡುತ್ತಾಳೆ ಸುಗ್ರಾ, ಊಟ ಅಲ್ಲಿಗೇ ತಂದು ಕೊಡುತ್ತಾಳೆ. ಬರುವ ಮುಂಚೆ ಒಂದು ಕಾರ್ಡು ಹಾಕಿ. ಮನೆಗೆ ಹೊರಗಿನವರು ಮೆಹಮಾನ್ ಆಗಿ ಬರುವುದಿದ್ದರೆ ನಮಗೆ ಮೊದಲೇ ತಿಳಿದಿರಬೇಕು.

ಫಖ್ರುನ್ನೀಸಾ

ಬರೆದವನು: ಮಜೀದ್